ಗೋಡೆ ಒಡೆಯುವ ಮುನ್ನ ಗಂಟೆ ಎಣಿಸಿ

ಮನೆ ಕಟ್ಟುವಾಗ ಆಗದ ಜಗಳ ಮನೆ ರಿಪೇರಿ ಮಾಡುವಾಗ ಆಗುತ್ತದೆ. ಅದಕ್ಕೆ ಕಾರಣವಿದೆ. ಕಟ್ಟುವಾಗ ಇರುವುದು ಖಾಲಿ ನಿವೇಶನ. ಅದರಲ್ಲಿ ಎಲ್ಲರ ಕನಸಿಗೂ ಜಾಗವಿದ್ದಂತೆ ತೋರುತ್ತದೆ. ರಿಪೇರಿಯ ಹೊತ್ತಿಗೆ ಮಕ್ಕಳು ಬೆಳೆದಿರುತ್ತಾರೆ, ಹಿರಿಯರು ಬಾಗಿರುತ್ತಾರೆ, ಗೋಡೆಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ. ಒಬ್ಬರಿಗೆ ಜಾಗ ಕೊಡಬೇಕಾದರೆ ಇನ್ನೊಬ್ಬರಿಂದ ತೆಗೆದುಕೊಳ್ಳಲೇಬೇಕು.

ಪ್ರಿಯ ಸಹೋದರಿಯರೇ, ನಿಮ್ಮ ಮನೆಯಲ್ಲೂ ಈ ಮಾತು ಎದ್ದಿರಬಹುದು ಅಥವಾ ನಾಳೆ ಏಳಬಹುದು. ಆದ್ದರಿಂದ ನಮ್ಮ ಮನೆಯಲ್ಲಿ ನಡೆದುದನ್ನು, ಅದರಲ್ಲಿ ನನ್ನಿಂದಾದ ತಪ್ಪನ್ನೂ ಮುಚ್ಚಿಡದೆ, ನಿಮ್ಮ ಮುಂದಿಡುತ್ತಿದ್ದೇನೆ.

ಐದು ಜನ, ಐದು ಬೇಡಿಕೆ

ನಮ್ಮ ಮನೆ ಇರುವುದು ಬೆಂಗಳೂರಿನ ದಕ್ಷಿಣ ಅಂಚಿನ ತಲಘಟ್ಟಪುರದಲ್ಲಿ. 2006ರಲ್ಲಿ ನಾವು ಇಲ್ಲಿ ಮನೆ ಕಟ್ಟಿದಾಗ ಕನಕಪುರ ರಸ್ತೆಯ ಈ ಭಾಗ ಇನ್ನೂ ಹಳ್ಳಿಯಂತಿತ್ತು. 30x40ರ ನಿವೇಶನ, ಅಂದರೆ 1200 ಚದರಡಿ. ಸುತ್ತ ಜಾಗ ಬಿಟ್ಟು ಕಟ್ಟಿದ್ದು ಸುಮಾರು 800 ಚದರಡಿ. ಎರಡು ಮಲಗುವ ಕೋಣೆ, ಒಂದು ಹಾಲ್, ಊಟದ ಜಾಗ, ಅಡುಗೆಮನೆ. ದೊಡ್ಡ ಕೋಣೆಗೆ ಅಂಟಿಕೊಂಡಂತೆ ಒಂದು ಬಾತ್‌ರೂಮ್. ಇನ್ನೊಂದು ಅಡುಗೆಮನೆಯ ಆಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಎರಡು ಮೆಟ್ಟಿಲು ಕೆಳಗೆ.

2022ರ ಬೇಸಿಗೆಯಲ್ಲಿ ರಿಪೇರಿಯ ಮಾತು ಬಂತು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಸಂಜೆ ಕೇರಿಯ ಹದಿನೈದು ಮಕ್ಕಳಿಗೆ ಮನೆಯ ಹಾಲ್‌ನಲ್ಲೇ ಅರಬಿ ಅಕ್ಷರವನ್ನೂ ಶಾಲೆಯ ಪಾಠವನ್ನೂ ಹೇಳಿಕೊಡುತ್ತೇನೆ. ಹದಿನಾರು ವರ್ಷ ಹೊಗೆ ಕುಡಿದ ನನಗೆ ಮಾಡ್ಯುಲರ್ ಅಡುಗೆಮನೆ ಬೇಕಿತ್ತು. ಊಟದ ಜಾಗದ ಕಡೆಯ ಗೋಡೆ ಒಡೆದರೆ ಗಾಳಿ ಬೆಳಕು ಬರುತ್ತದೆಂಬುದು ನನ್ನ ವಾದ. ಮನೆಯವರಿಗೆ ಹಾಲ್ ದೊಡ್ಡದಾಗಬೇಕಿತ್ತು, ಮುಂದೆ ಕಾರಿಗೆ ಪೋರ್ಟಿಕೋ ಬೇಕಿತ್ತು. ಮಗ 2020ರ ಲಾಕ್‌ಡೌನ್‌ನಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಹಿಂದೆ ಕುಕ್ಕರಿನ ಸೀಟಿ. ಅವನಿಗೆ ಪ್ರತ್ಯೇಕ ಕೋಣೆ ಬೇಕು. ಮಗಳು ಎರಡನೇ ಪಿಯುಸಿಗೆ ಕಾಲಿಡುತ್ತಿದ್ದಳು. ಅವಳಿಗೆ ಓದಲು ಕೋಣೆ ಬೇಕು.

ಐದನೆಯವರು ನನ್ನ ಅತ್ತೆ. ಎಪ್ಪತ್ತನಾಲ್ಕರ ವಯಸ್ಸು, ಎರಡೂ ಮಂಡಿ ನೋವು. ಹಿಂದಿನ 10x10ರ ಕೋಣೆಯಲ್ಲಿ ಮೊಮ್ಮಗಳೊಂದಿಗೆ ಮಲಗುತ್ತಿದ್ದರು. "ಅಮ್ಮಿ, ನಿಮಗೇನು ಬೇಕು?" ಎಂದು ಕೇಳಿದೆವು. "ನನಗೇನು ಬೇಕು ಬೇಟಾ? ಇವತ್ತೋ ನಾಳೆಯೋ ಹೋಗುವವಳು. ಮಕ್ಕಳಿಗೆ ಏನು ಬೇಕೋ ಅದು ಮಾಡಿ" ಎಂದರು. ನಾವು ಅದನ್ನು ಉತ್ತರವೆಂದೇ ಭಾವಿಸಿದೆವು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಏನನ್ನೂ ಬರೆಯಲಿಲ್ಲ.

ಎಲ್ಲರ ಬೇಡಿಕೆ ಸೇರಿಸಿ ಲೆಕ್ಕ ಹಾಕಿದಾಗ ಮೇಸ್ತ್ರಿ ಹೇಳಿದ್ದು 11 ಲಕ್ಷ. ನಮ್ಮ ಕೈಯಲ್ಲಿದ್ದುದು 4 ಲಕ್ಷ. ಬಡ್ಡಿಯ ಸಾಲ ಬೇಡವೆಂಬ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು. ಉಳಿದಂತೆ ಎರಡು ತಿಂಗಳು ಮನೆಯಲ್ಲಿ ಮುಖ ಗಂಟಿಕ್ಕಿಕೊಂಡೇ ಊಟ ನಡೆಯಿತು.

ಮಗ್ರಿಬ್ ನಂತರ ನೀರು ಕುಡಿಯದ ಅತ್ತೆ

ಆಗಲೇ ಅತ್ತೆಗೆ ಚಳಿಜ್ವರ ಬಂತು. ಪರೀಕ್ಷಿಸಿದ ವೈದ್ಯರು ಮೂತ್ರದ ಸೋಂಕು ಎಂದರು. "ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಮಗಳು ಹೇಳಿದಳು: "ದಾದಿ ಮಗ್ರಿಬ್ ಆದಮೇಲೆ ನೀರೇ ಕುಡಿಯಲ್ಲ. ರಾತ್ರಿ ಎದ್ದು ಹೋಗಬೇಕಾಗುತ್ತಲ್ಲ, ಅದಕ್ಕೆ."

ಆ ರಾತ್ರಿ ನಾನು ಅತ್ತೆಯ ಮಂಚದಿಂದ ಬಾತ್‌ರೂಮಿನವರೆಗೆ ನಡೆದು ನೋಡಿದೆ. ಕತ್ತಲೆಯಲ್ಲಿ ಹದಿನೆಂಟು ಹೆಜ್ಜೆ. ಊಟದ ಮೇಜನ್ನು ಸುತ್ತಿ, ಅಡುಗೆಮನೆ ದಾಟಿ, ಹಿಂಬಾಗಿಲ ಚಿಲಕ ತೆಗೆದು, ಎರಡು ಮೆಟ್ಟಿಲು ಇಳಿಯಬೇಕು. ಒಳಗೆ ಕುಕ್ಕರುಗಾಲಲ್ಲಿ ಕೂರುವ ಇಂಡಿಯನ್ ಟಾಯ್ಲೆಟ್. ಮಂಡಿ ಮಡಚಲಾಗದವರು ಗೋಡೆಯ ನಲ್ಲಿ ಹಿಡಿದು ಏಳಬೇಕು. ಎರಡು ವರ್ಷದಿಂದ ಅವರು ಬಾಯಾರಿಕೆಯನ್ನು ಸಹಿಸಿಕೊಂಡು ಈ ದಾರಿಯನ್ನು ತಪ್ಪಿಸಿಕೊಂಡಿದ್ದರು. ಅದೇ ಹೊತ್ತಿಗೆ ನಾನು ಚಿಮಣಿ ಯಾವ ಕಂಪನಿಯದಿರಬೇಕೆಂದು ವಾದಿಸುತ್ತಿದ್ದೆ. ಆ ನಾಚಿಕೆ ಇಂದಿಗೂ ನನ್ನೊಳಗಿದೆ.

ಹಿರಿಯರ "ನನಗೇನೂ ಬೇಡ" ಎಂಬ ಮಾತು ಬಹುತೇಕ ಉತ್ತರವಲ್ಲ, ಸಂಕೋಚ. ಈ ಮಾತನ್ನು ದಯವಿಟ್ಟು ಮರೆಯಬೇಡಿ.

ಮಾತು ಬಾರದವರಿಗೆ ಮೊದಲ ಕೋಣೆ

ನನ್ನ ತವರು ಕನಕಪುರ. ಚಿಕ್ಕಂದಿನಲ್ಲಿ ನೆರೆಯ ರೈತರ ಮನೆಗಳಲ್ಲಿ ರೇಷ್ಮೆ ಹುಳು ಸಾಕುವುದನ್ನು ನೋಡಿ ಬೆಳೆದವಳು ನಾನು. ಹುಳು ಮನೆಗೆ ಬಂದಾಗ ಮನೆಯ ಗಾಳಿಯಾಡುವ ದೊಡ್ಡ ಭಾಗ ಅದಕ್ಕೇ ಮೀಸಲು. ಸುಮಾರು ಇಪ್ಪತ್ತೈದು ದಿನ ಆ ಮನೆಯವರು ಜಗಲಿಯಲ್ಲಿ, ಮೂಲೆಯಲ್ಲಿ ಮಲಗುತ್ತಿದ್ದರು. ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ಹುಳು ಹಣ್ಣಾದಾಗ ಚಂದ್ರಂಕಿಗೆ ಬಿಟ್ಟು, ಗೂಡು ಮಾರುಕಟ್ಟೆಗೆ ಹೋದ ಮೇಲೆ ಮತ್ತೆ ಮನೆ ಜನರದಾಗುತ್ತಿತ್ತು. ಹುಳು ಎಂದಾದರೂ ಕೋಣೆ ಕೇಳಿತೇ? ಇಲ್ಲ. ಅದಕ್ಕೆ ಸೆಕೆಯೋ ಥಂಡಿಯೋ ಎಂಬುದನ್ನು ಮನೆಯವರೇ ಗಮನಿಸಿ ಅರಿಯಬೇಕಿತ್ತು.

ನಮ್ಮ ತಲಘಟ್ಟಪುರದಲ್ಲಿಯೇ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಮೆಟ್ರೋದ ಕೊನೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆ ಎಂದೇ ಹೆಸರು. ಆ ಫಲಕ ಕಂಡಾಗಲೆಲ್ಲ ಒಂದು ವಿಷಯ ನೆನಪಾಗುತ್ತದೆ. ಹುಳುವಿಗಾಗಿ ಮನೆಯ ವ್ಯವಸ್ಥೆಯನ್ನೇ ಬದಲಾಯಿಸಬಲ್ಲ ನಾಡಿನಲ್ಲಿ ಹೆತ್ತವರಿಗಾಗಿ ಅದು ಏಕೆ ಕಷ್ಟವಾಗಬೇಕು?

ಬೇಡಿಕೆ ಬೇರೆ, ಅಗತ್ಯ ಬೇರೆ

ಅತ್ತೆ ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಎಲ್ಲರೂ ಚಾಪೆ ಹಾಸಿ ಕುಳಿತೆವು. ಮಶ್ವರಾ, ಅಂದರೆ ಪರಸ್ಪರ ಸಮಾಲೋಚನೆ, ಎಂಬ ಪದ ನಮ್ಮೆಲ್ಲರ ಮನೆಗಳಲ್ಲಿ ಬಳಕೆಯಲ್ಲಿದೆ. ಹಸುಳೆಗೆ ಎದೆಹಾಲು ಬಿಡಿಸುವ ವಿಷಯದಲ್ಲೂ ತಂದೆತಾಯಿ ಪರಸ್ಪರ ಸಮಾಲೋಚಿಸಬೇಕೆಂದು ಪವಿತ್ರ ಕುರ್‌ಆನ್‌ನ ಸೂರಃ ಅಲ್ ಬಕರದಲ್ಲಿ ಸೂಚನೆಯಿದೆ. ಮನೆಯ ಗೋಡೆಯ ವಿಷಯಕ್ಕೆ ಅದು ಇನ್ನೆಷ್ಟು ಅಗತ್ಯ! ಆದರೆ ಎಲ್ಲರೂ ಒಟ್ಟಿಗೆ ಮಾತನಾಡಿದ ಮಾತ್ರಕ್ಕೆ ಅದು ಮಶ್ವರಾ ಆಗುವುದಿಲ್ಲ. ನಮ್ಮಲ್ಲಿ ಎರಡು ತಿಂಗಳು ನಡೆದುದು ಬರೀ ಮಾತು.

ಈ ಸಲ ಒಂದು ನಿಯಮ ಮಾಡಿಕೊಂಡೆವು. ಯಾರೂ "ಕೋಣೆ", "ಗೋಡೆ", "ಹಾಲ್" ಎಂಬ ಪದ ಬಳಸಬಾರದು. ಯಾವ ಹೊತ್ತಿನಲ್ಲಿ, ಎಷ್ಟು ಗಂಟೆ, ಯಾವ ಕೆಲಸಕ್ಕೆ ಜಾಗ ಬೇಕು ಎಂದಷ್ಟೇ ಹೇಳಬೇಕು. ಮಗಳು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಂದು ವಾರ ಮನೆಯ ಯಾವ ಭಾಗ ಎಷ್ಟು ಗಂಟೆ ಬಳಕೆಯಾಗುತ್ತದೆಂದೂ ಗುರುತು ಹಾಕಿದಳು.

ಆ ಪುಟಗಳು ನಮ್ಮ ಕಣ್ಣು ತೆರೆಸಿದವು. ಮನೆಯವರು ದೊಡ್ಡದು ಮಾಡಬೇಕೆಂದಿದ್ದ ಹಾಲ್‌ನಲ್ಲಿ ಅತಿಥಿಗಳು ಕುಳಿತದ್ದು ಇಡೀ ವಾರದಲ್ಲಿ ಐದು ಗಂಟೆ. ಮನೆ ತುಂಬುವುದು ರಮಝಾನ್‌ನ ಒಂದು ಇಫ್ತಾರ್ ಮತ್ತು ಎರಡು ಈದ್‌ಗಳಲ್ಲಿ ಮಾತ್ರ. ಮೂರು ದಿನಕ್ಕಾಗಿ ಉಳಿದ ಮುನ್ನೂರ ಅರವತ್ತೆರಡು ದಿನವನ್ನು ಇಕ್ಕಟ್ಟು ಮಾಡಿಕೊಳ್ಳಲು ಹೊರಟಿದ್ದೆವು. ನಮ್ಮ ದೊಡ್ಡ ಮಲಗುವ ಕೋಣೆ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಬಾಗಿಲು ಹಾಕಿಕೊಂಡೇ ಇರುತ್ತಿತ್ತು. ಅತ್ತೆ ಮಾತ್ರ ದಿನದ ಇಪ್ಪತ್ತೆರಡು ಗಂಟೆಯನ್ನೂ ಮನೆಯಲ್ಲೇ ಕಳೆಯುತ್ತಿದ್ದರು. ಮನೆಯನ್ನು ಅತಿ ಹೆಚ್ಚು ಬಳಸುವವರಿಗೇ ಮನೆಯ ಅತಿ ಅನನುಕೂಲ ಭಾಗ ಸಿಕ್ಕಿತ್ತು.

ಗೋಡೆ ಒಡೆಯದೆ ಬಗೆಹರಿದದ್ದು

ಪರಿಹಾರ ಹೇಳಿದವಳು ಮಗಳೇ. "ದಾದಿಯ ಹತ್ತಿರ ಬಾತ್‌ರೂಮ್ ತರುವ ಬದಲು ದಾದಿಯನ್ನೇ ಬಾತ್‌ರೂಮ್ ಹತ್ತಿರ ಕರೆದುಕೊಂಡು ಹೋಗಬಹುದಲ್ಲ?"

ನಮ್ಮ ದೊಡ್ಡ ಕೋಣೆ ಅತ್ತೆಗೂ ಮಗಳಿಗೂ, ಹಿಂದಿನ ಚಿಕ್ಕ ಕೋಣೆ ನಮಗೆ. ಇಷ್ಟೇ. ಒಂದು ಇಟ್ಟಿಗೆಯನ್ನೂ ಕದಲಿಸಬೇಕಿರಲಿಲ್ಲ. ಇದು ಎರಡು ತಿಂಗಳು ನಮಗೆ ಹೊಳೆಯದೇ ಇದ್ದುದಕ್ಕೆ ಕಾರಣ, ದೊಡ್ಡ ಕೋಣೆ ಯಜಮಾನ-ಯಜಮಾನಿಯದೆಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೆವು.

ಒಪ್ಪದಿದ್ದವರು ಅತ್ತೆ. "ಮಗ ಸೊಸೆಯ ಕೋಣೆಯಲ್ಲಿ ನಾನು ಮಲಗುವುದೇ? ನೋಡಿದವರು ಏನಂದಾರು?" ಎಂದು ಕಣ್ಣೀರು ಹಾಕಿದರು. ಆಗ ಮನೆಯವರು ಅವರ ಬಳಿ ಕುಳಿತು, "ಅಮ್ಮಿ, ಈ ನಿವೇಶನಕ್ಕೆ ಮುಂಗಡ ಕೊಟ್ಟಿದ್ದು ನಿಮ್ಮ ಬಳೆ ಮಾರಿ. ನೋಡಿದವರಿಗೆ ಅದನ್ನು ಹೇಳುತ್ತೇನೆ" ಎಂದರು. ಅತ್ತೆ ಸುಮ್ಮನಾದರು. ತಮ್ಮ ಕಬ್ಬಿಣದ ಟ್ರಂಕೂ ಜೊತೆಗೆ ಬರಬೇಕೆಂಬ ಷರತ್ತು ಹಾಕಿ ಒಪ್ಪಿದರು.

ಆ ಬಾತ್‌ರೂಮನ್ನು ಅವರ ದೇಹಕ್ಕೆ ತಕ್ಕಂತೆ ಬದಲಿಸಿದೆವು. ಇದರ ವಿವರ ನಿಮಗೂ ಉಪಯೋಗವಾಗಬಹುದು.

* ಕಮೋಡಿನ ಎತ್ತರ ಸಾಮಾನ್ಯವಾಗಿ 16 ಅಂಗುಲದ ಆಸುಪಾಸು ಇರುತ್ತದೆ. ಮಂಡಿ ನೋವಿನವರಿಗೆ 17ರಿಂದ 19 ಅಂಗುಲ ಅನುಕೂಲ. ನಾವು 18 ಅಂಗುಲದ್ದು ಹಾಕಿಸಿದೆವು. ಮುಖ ಯಾವ ದಿಕ್ಕಿಗೆ ಬರಬೇಕೆಂಬುದನ್ನು ಪೈಪ್ ಹಾಕುವ ಮೊದಲೇ ಪ್ಲಂಬರ್‌ಗೆ ಹೇಳಬೇಕು. ಆಮೇಲೆ ತಿರುಗಿಸುವುದು ದುಬಾರಿ.

* ಹಿಡಿದು ಏಳಲು ಗೋಡೆಗೆ ಸ್ಟೀಲ್ ಹಿಡಿಕೆ. ಅದು ಟೈಲ್ಸ್‌ಗೆ ಅಂಟಿದರೆ ಸಾಲದು. ಬೋಲ್ಟ್ ಗೋಡೆಯ ಒಳಗೆ ಗಟ್ಟಿಯಾಗಿ ಕೂರಬೇಕು. ನೀವೇ ಜೋತುಬಿದ್ದು ಪರೀಕ್ಷಿಸಿ.

* ಬಾಗಿಲು ಹೊರಗೆ ತೆರೆಯುವಂತಿರಲಿ, ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಒಳಗೆ ತೆರೆಯುವ ಬಾಗಿಲಾದರೆ, ಬಿದ್ದವರ ದೇಹವೇ ಅಡ್ಡವಾಗಿ ಬಾಗಿಲು ತೆಗೆಯಲಾಗುವುದಿಲ್ಲ.

* ನುಣುಪು ಟೈಲ್ಸ್ ಬದಲು ಒರಟು ಮೈಯ ಟೈಲ್ಸ್. ಹೊಸ್ತಿಲ ಎತ್ತರ ಇಳಿಸಿ, ನೆಲಕ್ಕೆ ನೀರು ಹರಿಯುವಷ್ಟೇ ಇಳಿಜಾರು.

* ವುಝೂ ಮಾಡಲು ಕೂರುವ ಕಟ್ಟೆ, ಅದರ ಮುಂದೆ ಕೈಗೆಟಕುವ ನಲ್ಲಿ. ನಿಂತು ಕಾಲು ಎತ್ತಿ ತೊಳೆಯುವಾಗಲೇ ಹಿರಿಯರು ಜಾರುವುದು ಹೆಚ್ಚು.

* ಮಂಚದಿಂದ ಕೈಚಾಚಿದರೆ ಸಿಗುವ ಸ್ವಿಚ್ಚು, ರಾತ್ರಿಯಿಡೀ ಉರಿಯುವ ಪುಟ್ಟ ದೀಪ. ಗೀಸರ್‌ನ ತಂತಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ವಿದ್ಯುತ್ ಸೋರಿದರೆ ಅದು ತಾನೇ ಕಡಿತಗೊಳಿಸುತ್ತದೆ.

ಎಲ್ಲ ಸೇರಿ ಖರ್ಚಾದುದು 85 ಸಾವಿರ. ಅತ್ತೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವವರು. ಕೋಣೆಯಲ್ಲಿ ಆ ಕುರ್ಚಿಗೆ ಮೊದಲು ಜಾಗ ಗುರುತಿಸಿ, ನಂತರ ಮಂಚ ಇಟ್ಟೆವು. ಬೆಂಗಳೂರಿನಿಂದ ಕಿಬ್ಲಾ ನೇರ ಪಶ್ಚಿಮವಲ್ಲ, ಅಲ್ಲಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ. ಮಂಚ, ಅಲಮಾರು ಇಟ್ಟಾದ ಮೇಲೆ ಕುರ್ಚಿ ಓರೆಯಾಗಿ ಕೂರದೆಂದು ತಿಳಿದು ಪರದಾಡುವವರನ್ನು ಕಂಡಿದ್ದೇನೆ.

ಒಂದೇ ಜಾಗ, ಹಲವು ಹೊತ್ತು

ಮಗನಿಗೆ ಕೋಣೆ? ನಮ್ಮ ಹೊಸ ಚಿಕ್ಕ ಕೋಣೆ ಹಗಲೆಲ್ಲ ಖಾಲಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅದು ಅವನ ಕಚೇರಿ. ಗೋಡೆಗೆ ಮಡಚುವ ಮೇಜು ಹಾಕಿಸಿದೆವು. ಕೆಲಸ ಮುಗಿದ ಮೇಲೆ ಮೇಜು ಗೋಡೆಗೆ, ಲ್ಯಾಪ್‌ಟಾಪ್ ಚೀಲಕ್ಕೆ. ಶಾಲೆಯಿಂದ ಬಂದ ಮೇಲೆ ಒಂದೂವರೆ ಗಂಟೆ ನನಗೆ ಆ ಕೋಣೆ ಇಲ್ಲ. ಆ ಹೊತ್ತಿನಲ್ಲಿ ಹೇಗೂ ಮಕ್ಕಳ ಪಾಠವಿರುತ್ತದೆ.

"ದಂಪತಿಗಳ ಕೋಣೆಯಲ್ಲಿ ಬೆಳೆದ ಮಗನೇ?" ಎಂದು ಒಬ್ಬ ಸಂಬಂಧಿಕರು ಹುಬ್ಬೇರಿಸಿದರು. ಆಗ ನನಗೆ ನೆನಪಾದದ್ದು ಸೂರಃ ಅನ್ನೂರ್. ಸದಾ ಒಳಗೆ ಹೊರಗೆ ಓಡಾಡುವ ಚಿಕ್ಕ ಮಕ್ಕಳು ಮತ್ತು ಮನೆಯ ಆಳುಗಳು ಕೂಡ ಮೂರು ಹೊತ್ತಿನಲ್ಲಿ ಅನುಮತಿ ಕೇಳಿಯೇ ಬರಬೇಕೆಂದು ಅಲ್ಲಿ ಆದೇಶವಿದೆ: ಫಜ್ರ್‌ಗೆ ಮುಂಚೆ, ಮಧ್ಯಾಹ್ನ ವಿಶ್ರಮಿಸುವಾಗ, ಇಶಾದ ಬಳಿಕ. ಬೆಳೆದವರಂತೂ ಯಾವಾಗಲೂ ಕೇಳಿಯೇ ಬರಬೇಕು. ಖಾಸಗಿತನವನ್ನು ಗೋಡೆ ಮಾತ್ರ ಕಾಯುವುದಿಲ್ಲ, ಹೊತ್ತು ಮತ್ತು ಶಿಸ್ತೂ ಕಾಯುತ್ತವೆ. ಮರ್ದಾನಾ, ಝನಾನಾ ಎಂದು ಎರಡು ಭಾಗ ಮಾಡಿಕೊಳ್ಳುವ ಹವೇಲಿಯ ಕಾಲ ಹೋಯಿತು. 800 ಚದರಡಿಯಲ್ಲಿ ಬದುಕುವವರು ಗಡಿಯಾರದಿಂದಲೇ ಗೋಡೆ ಕಟ್ಟಿಕೊಳ್ಳಬೇಕು.

ಮಗಳ ಓದಿಗೆ 7x8ರ ಊಟದ ಜಾಗ ಸಿಕ್ಕಿತು. ಊಟದ ಮೇಜನ್ನು ಮಾರಿ, ಹಾಲ್ ಕಡೆಗೆ ಜಾರುವ ಬಾಗಿಲು ಹಾಕಿಸಿದೆವು. ಊಟಕ್ಕೆ ಹಾಲ್‌ನಲ್ಲಿ ದಸ್ತರಖಾನ್ ಹಾಸುತ್ತೇವೆ. ಅತ್ತೆಗೆ ಮಾತ್ರ ಎತ್ತರದ ಕುರ್ಚಿ, ಮುಂದೊಂದು ಸ್ಟೂಲ್. ಅತಿಥಿಗಳು ಬಂದಾಗ ಇದೇ ಬಾಗಿಲು ಪರ್ದಾ ಆಗುತ್ತದೆ. ಅಡುಗೆಮನೆಯಿಂದ ಒಳಕೋಣೆಗೆ ನಾವು ಸಂಕೋಚವಿಲ್ಲದೆ ಓಡಾಡಬಹುದು.

ಇನ್ನು ಪೋರ್ಟಿಕೋ. ಅಲ್ಲಿ ಕಾರಿನ ಬದಲು ನನ್ನ ಹದಿನೈದು ಮಕ್ಕಳು ಕುಳಿತರು. ಮನೆಯವರ ಕೆಲಸ ಜಯನಗರದಲ್ಲಿ. ಯಲಚೇನಹಳ್ಳಿಯವರೆಗೆ ಮಾತ್ರ ಇದ್ದ ಹಸಿರು ಮಾರ್ಗದ ಮೆಟ್ರೋ 2021ರ ಜನವರಿಯಲ್ಲಿ ನಮ್ಮ ತಲಘಟ್ಟಪುರಕ್ಕೂ ಬಂದಿತ್ತು. ಕನಕಪುರ ರಸ್ತೆಯ ವಾಹನದಟ್ಟಣೆಯಲ್ಲಿ ಕಾರು ಓಡಿಸುವುದಕ್ಕಿಂತ ಅದೇ ಮೇಲೆಂದು ಅವರೇ ಒಪ್ಪಿಕೊಂಡರು. ಕೊಳ್ಳದ ಕಾರಿಗಾಗಿ ಜಾಗ ಕಾಯ್ದಿಡುವುದು ಎಂಥ ಲೆಕ್ಕ? ಅವರಿಗೆ ಇದು ಸುಲಭದ ತ್ಯಾಗವಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ನನ್ನ ಅಡುಗೆಮನೆ

ನನ್ನ ಗೋಡೆ ಒಡೆಯಲಿಲ್ಲ. ಮೇಸ್ತ್ರಿ "ಒಂದೇ ದಿನದಲ್ಲಿ ತೆಗೆದುಬಿಡುತ್ತೇನೆ ಮೇಡಂ" ಎಂದಿದ್ದರು. ಕರೆಸಿದ ಇಂಜಿನಿಯರ್ ನೋಡಿ ಬೇಡವೆಂದರು. ನಮ್ಮದು ಪಿಲ್ಲರ್ ಇಲ್ಲದ ಮನೆ. ಛಾವಣಿಯ ಭಾರ ಹೊರುವುದು ಗೋಡೆಗಳೇ. ಅಂಥ ಗೋಡೆ ತೆಗೆದರೆ ಛಾವಣಿಗೆ ಬೇರೆ ಆಧಾರ ಕೊಡಬೇಕು. ಸಹೋದರಿಯರೇ, ಯಾವ ಗೋಡೆ ಬರೀ ಅಡ್ಡಗೋಡೆ, ಯಾವುದು ಭಾರ ಹೊರುವ ಗೋಡೆ ಎಂಬುದನ್ನು ಇಂಜಿನಿಯರ್‌ನಿಂದಲೇ ತಿಳಿದುಕೊಳ್ಳಿ. ಗೋಡೆ ಒಡೆದು ಕಟ್ಟುವ ಕೆಲಸಕ್ಕೆ ಅನುಮತಿ ಬೇಕೇ ಎಂದು ಪಾಲಿಕೆಯಲ್ಲೂ ವಿಚಾರಿಸಿ.

ನೋಟ್‌ಬುಕ್ಕಿನಲ್ಲಿ ನನ್ನ ಅಗತ್ಯವೆಂದು ಬರೆದದ್ದು "ಹೊಗೆ ಹೋಗಬೇಕು, ಸೊಂಟ ನೋಯಬಾರದು" ಎಂದಷ್ಟೇ. ಅದಕ್ಕೆ ಮಾಡ್ಯುಲರ್ ಅಡುಗೆಮನೆಯೇ ಬೇಕಿರಲಿಲ್ಲ. ಒಲೆಯ ಮೇಲಿನ ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಬಂತು. ಎದುರಿಗೆ ಗಾಳಿ ಒಳಬರಲು ಕಿಟಕಿ ಇಲ್ಲದಿದ್ದರೆ ಎಂಥ ಫ್ಯಾನೂ ಹೊಗೆ ಎಳೆಯದು. ಆದ್ದರಿಂದ ಕಿಟಕಿಗೆ ಅಡ್ಡವಾಗಿದ್ದ ಅಲಮಾರು ತೆಗೆಸಿದೆವು. ಕಟ್ಟೆಯ ಎತ್ತರ ಅಡುಗೆ ಮಾಡುವವಳ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರಬೇಕು. ನಿಮ್ಮನ್ನು ನಿಲ್ಲಿಸಿ ಅಳೆಯದೆ ಕಟ್ಟೆ ಹಾಕಲು ಬಿಡಬೇಡಿ. ಸಿಂಕಿನ ಕೆಳಗಿನ ಕಪಾಟಿಗೆ ನೀರು ತಡೆಯುವ ಐಎಸ್ 710 ಮುದ್ರೆಯ ಪ್ಲೈವುಡ್ ಕೇಳಿ ಪಡೆಯಿರಿ.

ಮಾತು ಬಾರದ ಇನ್ನೊಂದು ಅಗತ್ಯ ನೀರು. ಬೆಂಗಳೂರಿನಲ್ಲಿ 30x40ರ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ನಮ್ಮದು ಅದಕ್ಕಿಂತ ಹಳೆಯ ಮನೆ. ಜಯನಗರ 5ನೇ ಬ್ಲಾಕ್‌ನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ಮಾದರಿಗಳನ್ನು ನೋಡಿಬಂದು, ಛಾವಣಿಯ ಪೈಪನ್ನು ಶೋಧಕದ ಮೂಲಕ ಸಂಪಿಗೆ ಜೋಡಿಸಿದೆವು. 2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿದಾಗ ಹಿಂದಿನ ಮಳೆಯ ನೀರೇನೂ ನಮ್ಮಲ್ಲಿ ಉಳಿದಿರಲಿಲ್ಲ, ಟ್ಯಾಂಕರ್ ತರಿಸಲೇಬೇಕಾಯಿತು. ಆದರೆ ಮೊದಲ ಮಳೆ ಬಿದ್ದ ದಿನದಿಂದ ಟ್ಯಾಂಕರ್ ಲೆಕ್ಕ ಕಡಿಮೆಯಾಯಿತು.

ಬಗೆಹರಿಯದೆ ಉಳಿದದ್ದು

ಎಲ್ಲವೂ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಹಿಂದಿನ ಕೋಣೆಯ ಕಿಟಕಿಯಿಂದ ಅತ್ತೆಗೆ ಪಕ್ಕದ ಮನೆಯ ನುಗ್ಗೆ ಮರ ಕಾಣುತ್ತಿತ್ತು, ಆ ಮನೆಯ ಅಜ್ಜಿಯೊಂದಿಗೆ ಮಾತು ನಡೆಯುತ್ತಿತ್ತು. ಹೊಸ ಕೋಣೆಯ ಕಿಟಕಿ ರಸ್ತೆಗೆ. ಮೊದಲ ತಿಂಗಳು ಅವರು ಮಂಕಾಗಿದ್ದರು. ಹಿಂಬಾಗಿಲ ಬಳಿ ಒಂದು ಕುರ್ಚಿ ಹಾಕಿದೆವು. ಅಸರ್ ನಂತರ ಅಲ್ಲಿಗೆ ಹೋಗಿ ಕೂರುತ್ತಾರೆ. ಇದನ್ನು ನಾವು ಮೊದಲೇ ಕೇಳಬೇಕಿತ್ತು. ಮಗ ಈಗಲೂ ಹಾಲ್‌ನ ದಿವಾನದ ಮೇಲೆ ಮಲಗುತ್ತಾನೆ. ಅವನ ಮದುವೆಯ ಹೊತ್ತಿಗೆ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಆ ದಿನಕ್ಕಾಗಿ ಸ್ವಲ್ಪ ಹಣ ತೆಗೆದಿಟ್ಟಿದ್ದೇವೆ. 11 ಲಕ್ಷದ ಜಾಗದಲ್ಲಿ ಖರ್ಚಾದುದು 3 ಲಕ್ಷ 70 ಸಾವಿರ.

ಸಹೋದರಿಯರೇ, ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ವಾರ ನೋಟ್‌ಬುಕ್ ಇಡಿ. ಮನೆಯ ಪ್ರತಿಯೊಂದು ಭಾಗದಲ್ಲಿ ಯಾರು ಎಷ್ಟು ಗಂಟೆ ಇರುತ್ತಾರೆಂದು ಬರೆಯಿರಿ. ಯಾರ ಅಗತ್ಯ ಕಾಯಬಹುದು, ಯಾರದು ಕಾಯಲಾರದು ಎಂದು ಗುರುತು ಮಾಡಿ. ಕೊನೆಗೆ, ಏನೂ ಬೇಡವೆಂದವರ ಹಾಸಿಗೆಯಿಂದ ಬಾತ್‌ರೂಮಿನವರೆಗೆ ರಾತ್ರಿ ದೀಪ ಹಾಕದೆ ಒಮ್ಮೆ ನಡೆದು ನೋಡಿ.

ನಮ್ಮ ಅತ್ತೆಯ ಮಂಚದ ಪಕ್ಕ ಈಗ ರಾತ್ರಿ ಒಂದು ತಂಬಿಗೆ ನೀರಿರುತ್ತದೆ. ಬೆಳಿಗ್ಗೆ ನೋಡಿದಾಗ ಅದು ಖಾಲಿಯಾಗಿರುತ್ತದೆ.